ಸೊಸೆಯಂದಿರು ಊರಲ್ಲೇ ಉಳಿದ ವರ್ಷ

ಕಳೆದ ವಾರ ಶಾಲೆ ಮುಗಿಸಿ ಬರುವಾಗ ನಮ್ಮ ಓಣಿಯ ತಿರುವಿನ ಮನೆಯಿಂದ ಅಜವಾನದ ಹೊಗೆ ಹೊರಗೆ ಹರಿಯುತ್ತಿತ್ತು. ಕೆಂಡದ ಮೇಲೆ ಅಜವಾನವನ್ನೂ ಬೆಳ್ಳುಳ್ಳಿಯ ಸಿಪ್ಪೆಯನ್ನೂ ಉದುರಿಸಿದಾಗ ಏಳುವ, ಗಂಟಲಿಗೆ ತುಸು ತಾಗಿದರೂ ಮೂಗಿಗೆ ಬೇಡವೆನಿಸದ ಆ ಹೊಗೆ ನಮ್ಮ ಸೀಮೆಯಲ್ಲಿ ಒಂದೇ ಸುದ್ದಿಯನ್ನು ಹೇಳುತ್ತದೆ: ಒಳಗೆ ಬಾಣಂತಿ ಮಲಗಿದ್ದಾಳೆ. ಕಟ್ಟೆಯ ಮೇಲಿದ್ದ ಅಜ್ಜಿಯನ್ನು, "ಯಾವ ಮಗಳು ಬಂದಾಳ್ರಿ?" ಎಂದು ಕೇಳಿದೆ. ಅಜ್ಜಿ ನಕ್ಕು, "ಮಗಳಲ್ಲವಾ, ಸೊಸಿ. ಇಲ್ಲೇ ಇರ್ತೀನಿ ಅಂದ್ಲು, ಇರವಾ ಅಂದ್ವಿ" ಎಂದರು.

ನಾನೇ ತಪ್ಪು ಪ್ರಶ್ನೆ ಕೇಳಿದ್ದೆ. ಬಾಣಂತಿ ಎಂದರೆ ಮಗಳೇ ಇರಬೇಕೆಂದು ಬೇರೆಯವರು ಊಹಿಸಬಹುದು, ನಾನು ಊಹಿಸಬಾರದಿತ್ತು. ಆ ಹೊಗೆಯೊಳಗೆ ನಿಂತಾಗ ಲಾಕ್‌ಡೌನಿನ ಮೊದಲ ವರ್ಷದ ಬೇಸಿಗೆಯೂ ಮಳೆಗಾಲವೂ ಒಟ್ಟಿಗೆ ನೆನಪಾದವು.

ನಮ್ಮಲ್ಲಿ ಮೊದಲ ಹೆರಿಗೆ ತವರುಮನೆಯದು. ಏಳನೆಯ ತಿಂಗಳಲ್ಲಿ ಗಂಡನ ಮನೆಯಲ್ಲಿ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ತವರಿನವರ ಜೊತೆ ಕಳುಹಿಸುತ್ತಾರೆ. ಸೊಸೆ ಮರಳುವುದು ಕೂಸಿಗೆ ಐದು ತಿಂಗಳಾದ ಮೇಲೆ. ಹೀಗಾಗಿ ಯಾವ ಊರಿನಲ್ಲಾದರೂ ವರ್ಷವಿಡೀ ಕೇಳಿಬರುವ ಎಳೆಗೂಸುಗಳ ಅಳು ಆ ಊರಿನ ಹೆಣ್ಣುಮಕ್ಕಳ ಕೂಸುಗಳದು. ಆ ಊರಿನ ವಂಶ ಬೆಳೆಸುವ ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಹುಟ್ಟಿ, ಕತ್ತು ನಿಂತ ಮೇಲೆ ಬಸ್ಸಿಳಿದು ಬರುತ್ತವೆ. ಇಷ್ಟು ದೊಡ್ಡ ಅದಲುಬದಲನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ.

ನಾನು ಎಣಿಸಿದ್ದೆ. ಧಾರವಾಡದಲ್ಲಿ ಓದುವಾಗ ಇದೇ ವಿಷಯದ ಚರ್ಚಾಸ್ಪರ್ಧೆಯಲ್ಲಿ ಮಾತನಾಡಿ ಮೊದಲ ಬಹುಮಾನ ಪಡೆದಿದ್ದೆ. ವಂಶ ಬೆಳೆಸಿಕೊಳ್ಳುವವರೇ ಹೆರಿಗೆಯ ಭಾರಕ್ಕೂ ಹೆಗಲು ಕೊಡಬೇಕು, ಹೆಣ್ಣು ಹೆತ್ತವರ ಮೇಲೆ ಮದುವೆಯ ನಂತರವೂ ಹೊರೆ ಹೊರಿಸುವುದು ನ್ಯಾಯವಲ್ಲ ಎಂಬುದು ನನ್ನ ವಾದ. ಎದುರು ಪಕ್ಷದವರು ತಾಯಿಯ ಮಮತೆಯ ಬಗ್ಗೆ ಮಾತನಾಡಿದರು. ಮಮತೆ ವಾದವಲ್ಲ ಎಂದು ಅವರ ಬಾಯಿ ಮುಚ್ಚಿಸಿದ್ದೆ. ಮುಂದೆ ಸಂಶಿ ಗುಡಗೇರಿಗಳ ನಡುವಿನ ಈ ಊರಿನ ಮನೆತನದವರು ನನ್ನನ್ನು ನೋಡಲು ಬಂದಾಗಲೂ ಅದನ್ನೇ ಹೇಳಿದೆ. ನನ್ನ ಅತ್ತೆಯಾಗಲಿದ್ದ ಗಂಗವ್ವ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, "ಭಾಷಣ ಛಲೋ ಐತಿ. ಚಾ ಯಾರ ಮಾಡ್ಯಾರ? ಸಕ್ಕರಿ ಕಡಿಮಿ ಆಗೇತಿ" ಎಂದಿದ್ದರು.

ಆದರೆ ಸತ್ಯ ಹೇಳಬೇಕು. ಬಸುರಿಯಾದ ಮೂರನೆಯ ತಿಂಗಳಿಗೇ ನಾನು ಸದ್ದಿಲ್ಲದೆ ಪಕ್ಷ ಬದಲಿಸಿದ್ದೆ. ನನಗೆ ಅವ್ವ ಬೇಕಾಗಿದ್ದಳು. ಕಲಘಟಗಿಯಾಚೆಯ ನನ್ನ ತವರಿನಲ್ಲಿ ಅವ್ವ ಅರ್ಧ ಊರಿನ ಕೂಸುಗಳಿಗೆ ನೀರೆರೆದವಳು. ಅವಳ ಕೈ ಬಿದ್ದರೆ ಅಳುವ ಕೂಸು ಸುಮ್ಮನಾಗುತ್ತದೆಂದು ಜನ ಹೇಳುತ್ತಾರೆ. ಹೋಳಿಯ ಹೊತ್ತಿಗೆ ಕುಬಸವಾಯಿತು. ನಾನು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹತ್ತನೆಯ ತರಗತಿಯವರ ಪರೀಕ್ಷೆ ಮುಗಿಸಿ ಬರುವೆನೆಂದು ಅವ್ವನಿಗೆ ಹೇಳಿದೆ. ಪರೀಕ್ಷೆಯೂ ಆಗಲಿಲ್ಲ, ಪ್ರಯಾಣವೂ ಆಗಲಿಲ್ಲ. ಬಸ್ಸು ನಿಂತವು. ತವರೂರಿನವರು ಹೊರಗಿನವರು ಬಾರದಂತೆ ಹಾದಿಗೆ ಜಾಲಿಮುಳ್ಳು ಹಚ್ಚಿ ಕಾವಲು ಕೂತರು. ಆ ಊರಿನ ಮಗಳಾದ ನಾನೂ ಹೊರಗಿನವಳೇ ಆದೆ.

ಇತ್ತ ನಮ್ಮೂರು ತುಂಬತೊಡಗಿತು. ಗೋವಾದ ಕಟ್ಟಡಗಳಲ್ಲಿ ದುಡಿಯುತ್ತಿದ್ದವರು, ಪುಣೆಯ ಕಾರ್ಖಾನೆಗಳಲ್ಲಿದ್ದವರು ಸಿಕ್ಕ ಗಾಡಿ ಹತ್ತಿ, ಕೆಲವರು ನಡೆದೇ, ಹೆಂಡಿರು ಮಕ್ಕಳೊಂದಿಗೆ ಬಂದರು. ಮೊದಲು ಶಾಲೆಯ ಕೋಣೆಗಳಲ್ಲಿ ಹದಿನಾಲ್ಕು ದಿನ, ಆಮೇಲೆ ಮನೆಗಳಲ್ಲಿ. ಇಬ್ಬರು ಮುದುಕರಿದ್ದ ಮನೆಯಲ್ಲಿ ಒಮ್ಮೆಲೇ ಒಂಬತ್ತು ತಾಟು ಬೇಕಾದವು. ದಿನದ ರೊಟ್ಟಿ ಬಡಿಯುವ ಸಪ್ಪಳ ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ.

ಒಂದು ದಿನ ಊರಿನ ಆಶಾ ಕಾರ್ಯಕರ್ತೆ ಶಾಂತಕ್ಕ ಮುಖಗವಸು ಬಿಗಿದುಕೊಂಡು ನಮ್ಮ ಕಟ್ಟೆಗೆ ಬಂದಳು. ಬಸುರಿಯರ ಪಟ್ಟಿಯನ್ನು ಹೊಸದಾಗಿ ಬರೆದುಕೊಡಬೇಕಾಗಿತ್ತು. ಅಕ್ಷರ ದುಂಡಗಿರುವವರು ಬೇಕೆಂದು ನನ್ನ ಬಳಿ ಬಂದಿದ್ದಳು. ಅವಳ ಹಳೆಯ ವಹಿ ತೆರೆದು ನಕಲು ಮಾಡುತ್ತ ಹೋದವಳು ಒಂದು ಸಾಲಿನಲ್ಲಿ ನಿಂತೆ. ನನ್ನ ಹೆಸರಿನ ಮುಂದೆ "ತವರಿಗೆ ಹೋಗಿದ್ದಾರೆ" ಎಂದು ಬರೆದಿತ್ತು.

"ಶಾಂತಕ್ಕ, ನಾ ಇಲ್ಲೇ ಅದೀನಲ್ರಿ! ನಿಮ್ಮ ಮುಂದ ಕುಂತೀನಿ."

"ಹೌದ್ರಿ ಟೀಚರ್ರ. ಕುಬಸ ಆತಲ್ಲ, ಹೆಂಗಿದ್ರೂ ಹೋಗ್ತೀರಿ ಅಂತ ಮೊದ್ಲ ಬರದಿಟ್ಟೆ. ಯಾವಾಗ್ಲೂ ಹಂಗ ಮಾಡ್ತೀನಿ. ಯಾವ ಸೊಸಿ ಕುಬಸ ಆದಮ್ಯಾಲ ನಿಂತಾಳ?"

ಅವಳ ತಪ್ಪಿನಲ್ಲಿ ಸೋಮಾರಿತನವಿರಲಿಲ್ಲ, ಪದ್ಧತಿಯ ಮೇಲಿನ ನಂಬಿಕೆಯಿತ್ತು. ಆದರೆ ಫಲ ಒಂದೇ. ನಮ್ಮೂರಿನ ವಹಿಯಲ್ಲಿ ನಾನು ಹೋಗಿದ್ದೆ, ತವರಿನ ವಹಿಯಲ್ಲಿ ಬಂದಿರಲಿಲ್ಲ. ಎರಡು ವಾರಗಳಿಂದ ನನ್ನ ರಕ್ತದೊತ್ತಡ ನೋಡಿದವರಿಲ್ಲ, ಮಾತ್ರೆ ಕೊಟ್ಟವರಿಲ್ಲ. ನಾವಿಬ್ಬರೂ ಅಂದು ಸಂಜೆಯಿಂದಲೇ ವಹಿ ಹಿಡಿದು ಮನೆಮನೆಯ ಹೊಸ್ತಿಲ ಹೊರಗೆ ನಿಂತು ಕೇಳುತ್ತ ಹೋದೆವು. ಹೋಗಿದ್ದಾರೆಂದು ಬರೆದ ಸೊಸೆಯಂದಿರೆಲ್ಲ ಒಳಗಿದ್ದರು. ಬಂದಿದ್ದಾರೆಂದು ಪೆನ್ಸಿಲಿನಲ್ಲಿ ಬರೆದ ಹೆಣ್ಣುಮಕ್ಕಳಲ್ಲಿ ಒಬ್ಬಳೂ ಬಂದಿರಲಿಲ್ಲ. ವಹಿಯ ಎರಡು ಪುಟಗಳು ಪೂರ್ತಿ ತಿರುಗುಮುರುಗಾಗಿದ್ದವು. ಶಾಂತಕ್ಕ ಹಣೆ ಚಚ್ಚಿಕೊಂಡಳು: "ಇಷ್ಟು ವರ್ಷ ಮಂದಿ ಮೊಮ್ಮಕ್ಕಳ್ನ ಎಣಿಸ್ದೆ. ಈ ವರ್ಷ ನಮ್ಮೂರವ್ನ ಎಣಿಸ್ಬೇಕಾತ್ ನೋಡ್ರಿ."

ನನ್ನ ಹೆಸರಿನ ಮುಂದೆ ಏನು ಬರೆಯಬೇಕೆಂದು ಕೇಳಿದಳು. ಸದ್ಯಕ್ಕೆ ಇಲ್ಲಿ ಎಂದು ಪೆನ್ಸಿಲಿನಲ್ಲಿ ಬರೆಯಲು ಹೇಳಿದೆ. ದಾರಿ ತೆರೆದ ದಿನವೇ ಹೊರಡುವುದೆಂದು ಮನಸ್ಸಿನಲ್ಲಿತ್ತು. ಚೀಲ ಕಟ್ಟಿಯೇ ಇಟ್ಟಿದ್ದೆ.

ಇಲ್ಲಿ ಹೆರಲು ನನಗಿದ್ದ ಹೆದರಿಕೆಗೆ ಕಾರಣವಿತ್ತು. ನನ್ನ ಅತ್ತೆಗೆ ಮೂವರು ಗಂಡುಮಕ್ಕಳು, ಹೆಣ್ಣುಮಕ್ಕಳಿಲ್ಲ. ಮೂವರನ್ನೂ ಹೆತ್ತದ್ದು ತವರಿನಲ್ಲಿ. ಹಿರಿಯ ಸೊಸೆಯಂದಿರಿಬ್ಬರೂ ತಮ್ಮ ತಮ್ಮ ತವರಿನಲ್ಲಿ ಹೆತ್ತು, ಈಗ ಗಂಡಂದಿರ ಜೊತೆ ಹುಬ್ಬಳ್ಳಿ ಬೆಳಗಾವಿಗಳಲ್ಲಿದ್ದರು. ಅಂದರೆ ಈ ಮನೆಯಲ್ಲಿ ಎಂದೂ ಬಾಣಂತಿ ಮಲಗಿರಲಿಲ್ಲ. ಅತ್ತೆ ಇದನ್ನು ಒಪ್ಪಿಕೊಳ್ಳುವವರಲ್ಲ. ಅವ್ವ ಫೋನಿನಲ್ಲಿ, "ಬಾಣಂತಿ ತಿನ್ನೂ ಅಂಟಿನ ಉಂಡಿಗೆ ಉತ್ತತ್ತಿ ಎಷ್ಟ ಹಾಕ್ತೀರಿ ಬೀಗರ?" ಎಂದು ಪರೀಕ್ಷಿಸಿದರೆ, "ಹಾಕೂವಷ್ಟು ಹಾಕ್ತೀವ್ರಿ. ಮೂರು ಹಡದೀನಿ ನಾ" ಎಂದು ಫೋನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು.

ನಮ್ಮ ಹಿತ್ತಲಿಗೆ ಹತ್ತಿದ ಮನೆ ಮಾಬೂಬಿ ಚಿಗವ್ವನದು. ಅವಳಿಗೆ ಐವರು ಹೆಣ್ಣುಮಕ್ಕಳು. ಐವರ ಬಾಣಂತನವನ್ನೂ ಮಾಡಿದ ಕೈ ಅದು. ಮೂವತ್ತು ವರ್ಷ ಆ ಹಿತ್ತಲ ಗೋಡೆಯ ಮೇಲಿಂದ ಮಜ್ಜಿಗೆ, ಮೆಂತೆ ಸೊಪ್ಪು, ಸೂಜಿದಾರಗಳು ಅತ್ತಿತ್ತ ಓಡಾಡಿದ್ದವು. ಆದರೆ ಆ ಏಪ್ರಿಲ್ಲಿನಲ್ಲಿ ರೋಗವನ್ನು ಒಂದು ಜಾತಿಯ ಜನರೇ ಹೊತ್ತು ತಂದರೆಂಬ ಮಾತು ಫೋನು ಟಿವಿಗಳಿಂದ ಊರಿಗೆ ಇಳಿಯಿತು. ಅತ್ತೆ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದರು. ನಾನು ಅವರ ಮುಂದೆ ಕುಳಿತು, ರೋಗಾಣುವಿಗೆ ಜಾತಿಯಿಲ್ಲವೆಂದು ಅಂಶಗಳ ಸಮೇತ ವಾದಿಸಿದೆ. ಅತ್ತೆ ಕೇಳಿ, ಹೌದೆಂದು ತಲೆಯಾಡಿಸಿ, ಅಗಳಿಯನ್ನು ಹಾಗೆಯೇ ಬಿಟ್ಟರು. ನನ್ನ ಮಾತಿಗೆ ಮನೆಯಲ್ಲಿ ಇದ್ದ ಬೆಲೆ ಅಷ್ಟು. ವಾದ ಗೆದ್ದರೆ ಬಾಗಿಲು ತೆರೆಯುವುದಿಲ್ಲವೆಂಬ ಪಾಠ ನನಗೂ ಅದರಲ್ಲಿತ್ತು, ಅಂದು ಅರ್ಥವಾಗಲಿಲ್ಲ.

ಮೇ ತಿಂಗಳ ಕೊನೆಗೆ ರೋಹಿಣಿ ಮಳೆ ಚೆನ್ನಾಗಿ ಬಿತ್ತು. ಎರೆಮಣ್ಣಿನ ಹೊಲಗಳು ಹದಕ್ಕೆ ಬಂದು ಜನ ಹೆಸರುಕಾಳು ಬಿತ್ತಲು ನಿಂತರು. ಗೋವಾದಿಂದ ಬಂದ ಹುಡುಗರಿಗೂ ಹೊಲದಲ್ಲಿ ಕೆಲಸ ಸಿಕ್ಕು, ಊರಿನ ಮುಖ ತುಸು ಸಡಿಲಾಯಿತು. ಅದೇ ವಾರ ಅಪ್ಪನ ಫೋನು ಬಂತು. ಹಾದಿಯ ಮುಳ್ಳು ತೆಗೆದಿದ್ದರು, ಬಾಡಿಗೆ ಕಾರು ಸಿಕ್ಕಿತ್ತು, ಎರಡು ದಿನದಲ್ಲಿ ಬಂದು ಕರೆದೊಯ್ಯುವುದಾಗಿ ಹೇಳಿದ. ಸಂತೋಷದಿಂದ ನನಗೆ ಕಣ್ಣಲ್ಲಿ ನೀರು ಬಂತು. ಅತ್ತೆಗೆ ಹೇಳಿದಾಗ, "ಛಲೋ ಆತು" ಎಂದು ಜೋಳ ಕೇರುವುದನ್ನು ಮುಂದುವರಿಸಿದರು.

ಅಪ್ಪ ಬರುವ ದಿನ ಬೆಳಿಗ್ಗೆ ಬಚ್ಚಲ ಕಡೆಯಿಂದ ಮಾತು ಕೇಳಿಸಿತು. ಹಿತ್ತಲ ಬಾಗಿಲು ಹಾರುಹೊಡೆದಿತ್ತು. ಒಲೆಯ ಸೌದೆಯ ಮರೆಯಲ್ಲಿ ನಿಂತು ನೋಡಿದೆ. ಅತ್ತೆ ಬಚ್ಚಲ ಕಲ್ಲಿನ ಮೇಲೆ ಮಣೆ ಹಾಕಿ, ಸೀರೆಯನ್ನು ಮೊಣಕಾಲ ತನಕ ಏರಿಸಿ, ಎರಡೂ ಕಾಲು ಮುಂದಕ್ಕೆ ಚಾಚಿ ಕುಳಿತಿದ್ದರು. ಕಾಲುಗಳ ಮೇಲೆ ಒಂದು ಮೊಳದ ಎಳೆಯ ಸೋರೆಕಾಯಿ. ಅದಕ್ಕೆ ಎಣ್ಣೆ ಹಚ್ಚಿ, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ತಂಬಿಗೆಯಿಂದ ನೀರು ಸುರಿಯುತ್ತಿದ್ದರು. ಗೋಡೆಯ ಮೇಲೆ ಮಾಬೂಬಿ ಚಿಗವ್ವನ ಮುಖ.

"ಕುತ್ತಿಗಿ ಹಿಡಿ ಬೇ ಗಂಗವ್ವ, ಕುತ್ತಿಗಿ! ಹಂಗ ಹಿಡಿದ್ರ ಕೂಸು ಜಾರಿ ಮೋರಿಗೆ ಹೋಗ್ತೈತಿ."

"ಇದಕ್ಕ ಎಣ್ಣಿ ಹೆಚ್ಚಾಗೇತಿ, ಅದಕ್ಕ ಜಾರಾಕತ್ತೈತಿ."

"ಕೂಸಿಗೇನ ಎಣ್ಣಿ ಹಚ್ಚಂಗಿಲ್ಲೇನ? ಬೋರಲ ಹಾಕು. ಹಾಂ. ಮೂಗಿನ ಬುಡಕ ಕೈ ಇಡು, ನೀರು ಹೋದೀತು."

"ಎಲ್ಲೈತಿ ಬೇ ಇದಕ್ಕ ಮೂಗು?"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಚಿಗವ್ವ ದನಿ ಬದಲಿಸಿ, "ತಿಂಗಳಗಟ್ಲೆ ಅಗಳಿ ಹಾಕೊಂಡ ಕುಂತಿದ್ದಿ. ಈಗ ನನ್ನ ಮಾತಿನ್ಯಾಗ ಕೊರೊನಾ ಇಲ್ಲೇನ?" ಎಂದಳು.

ಅತ್ತೆ ಸೋರೆಕಾಯಿಯ ಮೇಲಿಂದ ಕಣ್ಣೆತ್ತಲಿಲ್ಲ. "ತಪ್ಪಾತು ಅಂದೀನಲ್ಲ ಮೊನ್ನಿ. ಎಷ್ಟ ಸಲ ಅನ್ಲಿ? ಹೇಳೂದ ಹೇಳು ಬೇ."

"ಸೊಸಿ ಇವತ್ತ ಹೋಗ್ತಾಳಂತಲ್ಲ. ಇನ್ನ ಯಾಕ ಕಲೀತಿ?"

"ಹೋದ್ರ ಹೋಗ್ಲಿ, ಅವ್ವನ ಮನಿ. ಇದ್ಲು ಅಂದ್ರ? ನನಗ ಬರಂಗಿಲ್ಲ ಅನ್ನೂದಕ್ಕ ಆಕಿ ಹೋಗೂದು ಬ್ಯಾಡ."

ನಾನು ಸದ್ದಿಲ್ಲದೆ ಒಳಗೆ ಬಂದೆ. ಅರವತ್ತು ದಾಟಿದ, ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು ತಾನೇ ಮುಚ್ಚಿದ ಬಾಗಿಲನ್ನು ತೆರೆದು, ತಪ್ಪಾಯಿತೆಂದು ಹೇಳಿ, ತರಕಾರಿಗೆ ನೀರೆರೆಯುತ್ತ ಕುಳಿತಿದ್ದರು. ನಾನು ವೇದಿಕೆಯ ಮೇಲೆ ಕೇಳಿದ್ದು ಇದನ್ನೇ ಅಲ್ಲವೇ? ಗಂಡನ ಮನೆ ಹೆಗಲು ಕೊಡಬೇಕೆಂದು ಕೇಳಿದ್ದೆ. ಹೆಗಲು ಬಂದಾಗ ಚೀಲ ಹಿಡಿದು ನಿಂತಿದ್ದೆ. ಆದರೂ ನಿರ್ಧಾರ ಸುಲಭವಾಗಿರಲಿಲ್ಲ. ಅವ್ವ ಅಲ್ಲಿ ಕೋಣೆ ಸಾರಿಸಿ, ಹೊರಸಿಗೆ ಹೊಸ ಹಗ್ಗ ಬಿಗಿಸಿ, ಹಳೆಯ ಸೀರೆಗಳಿಂದ ಕೂಸಿನ ಕೌದಿ ಹೊಲಿದು ಮುಗಿಸಿದ್ದಳು.

ಅಪ್ಪ ಮಧ್ಯಾಹ್ನ ಬಂದ. ಊಟಕ್ಕೆ ಸೋರೆಕಾಯಿ ಪಲ್ಯವೇ ಇತ್ತು. ಅಪ್ಪ ಎರಡು ಸಲ ಹಾಕಿಸಿಕೊಂಡ. ಕೈ ತೊಳೆದ ಮೇಲೆ, ನಾನು ಇಲ್ಲಿಯೇ ಉಳಿಯುತ್ತೇನೆಂದು ಹೇಳಿದೆ. ಈ ಸಲ ಕಣ್ಣಾರೆ ನೋಡಿಯೇ ಬರೆಯಲೆಂದು ಕಟ್ಟೆಯ ಮೇಲೆ ವಹಿ ಹಿಡಿದು ಕಾಯುತ್ತಿದ್ದ ಶಾಂತಕ್ಕ ಪೆನ್ನು ಎತ್ತಿಕೊಂಡಳು. ನನ್ನ ಗಂಡ ಶಿವಾನಂದ ಆಕಾಶ ನೋಡಿದರು. ಅತ್ತೆ, "ನನ್ನ ಸಲುವಾಗಿ ಇರೂದು ಬ್ಯಾಡ" ಎಂದರು.

"ನನ್ನ ಸಲುವಾಗಿ ಇರ್ತೀನ್ರಿ ಅತ್ತಿ."

ಅಪ್ಪ ನನ್ನ ಕಾರಣಗಳನ್ನೆಲ್ಲ ಕೇಳಿಸಿಕೊಂಡು ಎದ್ದ. ಕಾರು ಹತ್ತುವಾಗ, "ಅದೆಲ್ಲಾ ಖರೆ ತಂಗಿ. ನಿಮ್ಮವ್ವಗ ಏನಂತ ಹೇಳ್ಲಿ?" ಎಂದು ಕೇಳಿದ. ಅವ್ವ ಮೂರು ದಿನ ಫೋನು ಎತ್ತಲಿಲ್ಲ. ನಾಲ್ಕನೆಯ ದಿನ ಎತ್ತಿ, ಬೇರೇನೂ ಹೇಳದೆ, ಬಾಣಂತಿಗೆ ಕೊಡುವ ಅಳವಿ ಪಾಯಸಕ್ಕೆ ಅಳವಿ ಬೀಜವನ್ನು ಎಷ್ಟು ಹೊತ್ತು ನೆನೆಯಿಡಬೇಕೆಂದು ವಿವರಿಸಿದಳು.

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಕುಂದಗೋಳದ ತಾಲೂಕು ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ತಾಯಿ ಕಾರ್ಡು, ತಪಾಸಣೆಯ ಚೀಟಿಗಳು ಎಲ್ಲವೂ ಕೈಯಲ್ಲಿದ್ದವು. ಶಾಂತಕ್ಕನೇ ಜೊತೆಗೆ ಬಂದಿದ್ದಳು. ಮನೆಗೆ ಬಂದ ಮೊದಲ ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಮಗುವನ್ನು ಹಾಕಿಕೊಂಡರು. ಗೋಡೆಯ ಮೇಲಿಂದ "ಕುತ್ತಿಗಿ!" ಎಂಬ ಕೂಗು ಬಂತು. ಮಗು ಜಾರಲಿಲ್ಲ. ಎರಡನೆಯ ವಾರಕ್ಕೆ ಆ ಕೂಗು ಬೇಕಾಗಲಿಲ್ಲ, ಆದರೂ ಚಿಗವ್ವ ದಿನವೂ ಗೋಡೆಗೆ ಬರುತ್ತಿದ್ದಳು.

ಬಾಣಂತಿಯನ್ನು ನೋಡಲು ಹೆಂಡತಿಯ ತವರಿಗೆ ಹೋಗಿ, ಗಂಟೆಯೊಳಗೆ ಮರಳುವುದೇ ಗಂಡಸರ ರೂಢಿ. ಆ ವರ್ಷ ಅವರಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಶಿವಾನಂದ ಬೆಳಿಗ್ಗೆ ಹಂಡೆಗೆ ನೀರು ತುಂಬಿ ಉರಿ ಹಾಕುತ್ತಿದ್ದರು, ಕೂಸಿನ ಬಟ್ಟೆ ಒಗೆದು ಹಿತ್ತಲಲ್ಲಿ ಹರವುತ್ತಿದ್ದರು. ಮೊದಮೊದಲು ಯಾರಾದರೂ ನೋಡಿಯಾರೆಂದು ಬೇಗನೆ ಮುಗಿಸಿಬಿಡುತ್ತಿದ್ದರು. ಒಂದು ದಿನ ಎದುರು ಮನೆಯ, ಗೋವಾದಿಂದ ಮರಳಿದ್ದ ಗಾರೆ ಕೆಲಸದವನು ತನ್ನ ಇಪ್ಪತ್ತು ದಿನದ ಮಗನನ್ನು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ನಿಂತು, "ಏನಲೇ ಶಿವಾ, ನಿನ್ನ ಮಗಳು ರಾತ್ರಿ ಎಷ್ಟ ಸಲ ಎಬ್ಬಸ್ತಾಳ?" ಎಂದು ಕೂಗಿ ಕೇಳಿದ. ಆ ಪ್ರಶ್ನೆಯನ್ನು ನಮ್ಮೂರಿನ ಒಬ್ಬ ಗಂಡಸು ಇನ್ನೊಬ್ಬ ಗಂಡಸನ್ನು ಅದಕ್ಕೆ ಮೊದಲು ಕೇಳಿದ್ದನೋ ಇಲ್ಲವೋ ನಾನರಿಯೆ.

ಅದೊಂದೇ ವರ್ಷಕ್ಕೆ ಊರು ಬದಲಾಯಿತೆಂದು ಹೇಳಿದರೆ ಅದು ಭಾಷಣವಾದೀತು. ಬಸ್ಸು ಓಡತೊಡಗಿದ ಮೇಲೆ ಹೆಚ್ಚಿನ ಸೊಸೆಯಂದಿರು ಮತ್ತೆ ಕುಬಸವಾದೊಡನೆ ತವರಿಗೆ ಹೊರಟರು; ಗೋವಾದವರು ಗೋವಾಕ್ಕೆ ಹೋದರು. ಆದರೆ ಶಾಂತಕ್ಕ ಈಗ ಮೊದಲೇ ಬರೆದಿಡುವುದಿಲ್ಲ, ಪ್ರತಿಯೊಬ್ಬಳ ಹೊಸ್ತಿಲಿಗೂ ಹೋಗಿ, ಎಲ್ಲಿ ಹಡೆಯುತ್ತೀ ಎಂದು ಕೇಳುತ್ತಾಳೆ. ಕೇಳಿದರೆ ತಾನೇ "ಇಲ್ಲಿ" ಎಂಬ ಉತ್ತರವೂ ಬರುವುದು. ನನಗೆ ಆ ಪ್ರಶ್ನೆ ಸಾಕು. ಹೆರಿಗೆ ಯಾರ ಹೊಣೆ ಎಂದು ಕೂಗಿ ಗೆದ್ದವಳು ನಾನು. ಹೆರುವವಳನ್ನು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಅವ್ವ ಬಂದದ್ದು ಪಂಚಮಿಗೆ. ಹೆಣ್ಣುಮಕ್ಕಳು ಜೋಕಾಲಿ ಆಡಲು ತವರಿಗೆ ಹೋಗುವ ಹಬ್ಬ ಅದು. ಆ ವರ್ಷ ತವರೇ ಉಂಡಿಯ ಡಬ್ಬಿ ಹಿಡಿದು ಮಗಳಿದ್ದಲ್ಲಿಗೆ ಬಂತು. ಕೂಸಿಗೆ ತಿಂಗಳು ದಾಟಿತ್ತು. ಬಂದ ದಿನ ಅವ್ವ ಅತಿಥಿಯ ಹಾಗೆ ಚಾಪೆಯ ತುದಿಗೆ ಕುಳಿತಳು, ಕೊಟ್ಟಾಗ ಮಗುವನ್ನು ಎತ್ತಿಕೊಂಡಳು, ಕೇಳಿದಾಗ ಮರಳಿ ಕೊಟ್ಟಳು. ಅವಳ ಅಷ್ಟು ಸೌಜನ್ಯವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ನೋಡಿ ಸಹಿಸುವುದು ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕುಳಿತರು. ನಾನು ಒಳಗೆ ಹೊರಸಿನ ಮೇಲಿದ್ದೆ. ನಡುವೆ ಒಂದು ಪರದೆ. ಅವ್ವ ಬಚ್ಚಲ ಬಾಗಿಲಿಗೆ ಹೋದ ಹೆಜ್ಜೆ ಕೇಳಿಸಿತು.

"ಬೀಗರ, ನಾ ಒಂದ್ ಸಲ ಎರೀಲೇನ್ರಿ?"

ಅರ್ಧ ಊರಿನ ಕೂಸುಗಳಿಗೆ ನೀರೆರೆದವಳು ಮಗಳ ಮಗಳಿಗಾಗಿ ಅಪ್ಪಣೆ ಕೇಳುತ್ತಿದ್ದಳು. ಅತ್ತೆಯ ಮಣೆ ಸರಿದ ಸದ್ದಾಯಿತು.

"ಕೇಳೂದೇನೈತ್ರಿ ಅದರಾಗ? ಕುಂಡ್ರಿ. ನೀರು ನಾ ಹಾಕ್ತೀನಿ. ಈಕಿಗೆ ಬಿಸಿ ಭಾಳ ಆಗಂಗಿಲ್ಲ."

"ಬಿಸಿ ಎಷ್ಟಿರಬೇಕು ಅಂತ ನನಗ ಗೊತ್ತಿಲ್ಲೇನ್ರಿ?"

"ನಿಮಗ ಕೂಸುಗಳದ್ದು ಗೊತ್ತ್ರಿ. ಈ ಕೂಸಿಂದು ನನಗ ಗೊತ್ತು."

ಆಚೆ ಅವ್ವ ನಗುವುದು ಕೇಳಿಸಿತು, ಮೊದಲು ಮೆಲ್ಲಗೆ, ಆಮೇಲೆ ಪೂರ್ತಿಯಾಗಿ. "ಹಂಗಾರ ಹಾಕ್ರಿ, ನೋಡೂಣು" ಎಂದಳು. ತಂಬಿಗೆ ಹಂಡೆಗೆ ತಾಗಿತು, ನೀರು ಬಿತ್ತು, ಮಗು ಚೀರಿತು, ಇಬ್ಬರೂ ಒಂದೇ ಗಳಿಗೆಯಲ್ಲಿ ಒಬ್ಬರನ್ನೊಬ್ಬರು "ಸಾವಕಾಶ್ರಿ!" ಎಂದು ಗದರಿದರು. ಎದ್ದು ಹೋಗಬೇಕೆಂದು ನನಗೆ ಅನಿಸಲಿಲ್ಲ. ಮಗ್ಗುಲು ತಿರುಗಿ, ಕೌದಿ ಎಳೆದುಕೊಂಡು, ಅವರ ಜಗಳ ಕೇಳುತ್ತ ಕೇಳುತ್ತಲೇ ನಿದ್ದೆ ಹೋದೆ.